ಎರಡರಿಂದ ಐದು

ಬೆಳಿಗ್ಗೆ ಎಂಟಕ್ಕೆ ಕೆಸರಿಗಿಳಿದರೆ ಬೂದೆಮ್ಮನ ಸೊಂಟ ನೆಟ್ಟಗಾಗುವುದು ಮಧ್ಯಾಹ್ನ ರೊಟ್ಟಿ ತಿನ್ನುವಾಗ. ಆಮೇಲೆ ಸಂಜೆ ಐದಕ್ಕೆ. ನೀರಲ್ಲಿ ನೆನೆದು ನೆನೆದು ಕಾಲ್ಬೆರಳ ಸಂದಿ ಬೆಳ್ಳಗೆ ಬಿರಿದಿತ್ತು. ಮಾನ್ವಿ ದಾರಿಯ ಒಕ್ಕಲುತನದ ಕಾಲೇಜಿನ ಫಾರಂನಲ್ಲಿ ಭತ್ತದ ನಾಟಿ ಹಚ್ಚುವುದು ಅವಳಿಗಿದು ಒಂಬತ್ತನೇ ವರ್ಷ. ಎಪ್ಪತ್ತೆಂಟನೇ ಇಸವಿಯಲ್ಲಿ ಕಾಲೇಜಿನವರು ಒಂದು ಆಸೆ ಹುಟ್ಟಿಸಿದರು: ವರ್ಷಕ್ಕೆ ಇನ್ನೂರ ನಲವತ್ತು ದಿನ ಹಾಜರಿ ಇದ್ದವರಿಗೆ ಕಾಯಂ ಕೆಲಸ. ಬೂದೆಮ್ಮ ಜ್ವರ ಬಂದರೂ ಮನೆಯಲ್ಲಿ ಮಲಗದ ಹೆಂಗಸು. ಕಾಯಂ ಆದಂತೆಯೇ ಎಂದುಕೊಂಡಿದ್ದಳು.

ಕಾಯಂ ಆಗುವವರ ಪಟ್ಟಿ ಬಂದಾಗ ಅದರಲ್ಲಿ ಅವಳ ಹೆಸರಿರಲಿಲ್ಲ. ಹಿರೇಕೊಟ್ನೆಕಲ್‌ನಿಂದ ಬರುವ ಹನ್ನೆರಡು ಹೆಂಗಸರಲ್ಲಿ ಒಬ್ಬಳದೂ ಇರಲಿಲ್ಲ.

“ನಿನ್ವು ಇಪ್ಪತ್ತೊಂದು ದಿನ ಕಮ್ಮಿ ಬಿದ್ದಾವ. ಉಳದೋರ್ವೂ ಹಂಗ” ಎಂದ ಫಾರಂ ಸೂಪರಿಂಟೆಂಡೆಂಟ್ ಶರಣಯ್ಯ, ಹಾಜರಿ ಪುಸ್ತಕದ ಮೇಲೆ ಕೈಯಿಟ್ಟುಕೊಂಡು.

“ಒಂದ್ ದಿನಾನೂ ತಪ್ಪಿಸಿಲ್ಲಲ್ರೀ ಸಾಹೇಬ್ರ!”

“ಬುಧವಾರ, ಶುಕ್ರವಾರ ನಿಮಗ ಅರ್ಧಾ ಹಾಜರಿ. ಎರಡರಿಂದ ಐದರ ತನಕ ಹುಡುಗುರ ಪ್ರಾಕ್ಟಿಕಲ್ ಇರ್ತದಲ್ಲ? ಆ ಮೂರು ತಾಸಿನ ಕೆಲಸ ಅವರ ಪುಸ್ತಕದಾಗ ಹೋಗ್ಯದ. ಒಂದು ಕೆಲಸಾನ ಎರಡು ಪುಸ್ತಕದಾಗ ಬರದ್ರ ಆಡಿಟ್‌ನವ್ರು ನನ್ನ ಬಿಡ್ತಾರೇನು?”

ಶನಿವಾರದ ಬಟವಾಡೆ ಯಾಕೆ ಸೊರಗುತ್ತದೆಂದು ಆಗ ತಿಳಿಯಿತು. ಇಷ್ಟು ದಿನ ಕೇಳಿದರೆ ‘ಕಟಿಂಗ್’ ಎಂದಷ್ಟೇ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಇನ್ನು ಆ ಪ್ರಾಕ್ಟಿಕಲ್ ಎಂಥದೆಂದರೆ, ಹುಡುಗರು ಪ್ಯಾಂಟು ಕೊಳೆಯಾಗದಂತೆ ಬದುವಿನ ಮೇಲೆ ನಿಂತು ಹೆಂಗಸರು ಹಚ್ಚಿದ ಸಸಿಯ ಸಾಲು ಬರೆದುಕೊಳ್ಳುವುದು, ಆಮೇಲೆ ಚಹಾ ಕುಡಿಯಲು ಹೋಗುವುದು.

ಆ ಹುಡುಗರಲ್ಲಿ ಗಬ್ಬೂರಿನ ಕುರಿಗಾರರ ಮನೆಯ ಹನುಮಂತ್ರಾಯನೂ ಒಬ್ಬ. ಬೂದೆಮ್ಮ ಅವನನ್ನು ಹಿಡಿದಳು.

“ಏ ತಮ್ಮಾ, ಆ ಮೂರು ತಾಸು ನಿಮ್ಮ ಪುಸ್ತಕಕ್ಕ ಹೋಗಿ ಏನಾಗ್ತಾವ?”

“ಒಂದು ಕ್ರೆಡಿಟ್ ಆಗ್ತದ ಯವ್ವಾ. ವಾರಕ್ಕ ಒಂದು ತಾಸು ಕ್ಲಾಸಿನಾಗ ಕುಂತು ಪಾಠ ಕೇಳಿದ್ರ ಒಂದು ಕ್ರೆಡಿಟ್. ಹೊಲದಾಗಾದ್ರ ಮೂರು ತಾಸಿಗೆ ಒಂದು. ಎಲ್ಲಾ ಕೂಡಿಸಿ ಡಿಗ್ರಿ ಕೊಡ್ತಾರ.”

“ಕುಂತೋರ ಒಂದು ತಾಸು, ಬಗ್ಗಿದೋರ ಮೂರು ತಾಸು, ಎರಡೂ ಸಮ ಏನೋ?”

“ಯೂನಿವರ್ಸಿಟಿ ಲೆಕ್ಕ ಹಂಗ.”

“ಓದಿದೋರಲ್ಲೂ ಬಗ್ಗಿದ ಸೊಂಟಾನ ಅಗ್ಗ ಅನ್ನು! ನಾನು ಒಂಬತ್ತು ವರ್ಷ ಬಗ್ಗೀನಲ್ಲೋ?”

ಹನುಮಂತ್ರಾಯ ನಕ್ಕ. “ನಿನಗ ಇಷ್ಟೊತ್ತಿಗೆ ನಾಕು ಡಿಗ್ರಿ ಬರಬೇಕಿತ್ತು ನೋಡು.”

ಬೂದೆಮ್ಮನೂ ನಕ್ಕಳು. ಡಿಗ್ರಿ ಯಾರಿಗೆ ಬೇಕಿತ್ತು? ಅವಳಿಗೆ ಬೇಕಾದದ್ದು ಅವಳ ಇಪ್ಪತ್ತೊಂದು ದಿನ.

ಮುಂದಿನ ಬುಧವಾರ ಪ್ರಾಕ್ಟಿಕಲ್ ಪರೀಕ್ಷೆ. ಬೇರೆ ಊರಿನಿಂದ ಪರೀಕ್ಷಕರು ಜೀಪಿನಲ್ಲಿ ಬಂದಿಳಿದರು. ಶರಣಯ್ಯನ ಏರ್ಪಾಡು ಎಂದಿನದೇ: ಹೆಂಗಸರು ಹಚ್ಚಬೇಕು, ಹುಡುಗರು ಬದುವಿನ ಮೇಲೆ ನಿಂತು ವಿವರಿಸಬೇಕು.

ಎರಡರ ಗಂಟೆ ಹೊಡೆಯಿತು. ಬೂದೆಮ್ಮ ಕೈಲಿದ್ದ ಸಸಿಯ ಕಟ್ಟನ್ನು ಅಲ್ಲೇ ಇಟ್ಟು ಬದು ಹತ್ತಿದಳು. ಹಿಂದೆ ಬಡೇಬೀ, ಅವಳ ಹಿಂದೆ ಉಳಿದ ಹತ್ತು ಜನ. ಕಾಲುವೆಯಲ್ಲಿ ಕಾಲು ತೊಳೆದು ಸಾಲಾಗಿ ಕುಳಿತು ಎಲೆ-ಅಡಿಕೆಯ ಚೀಲ ಬಿಚ್ಚಿದರು.

ಶರಣಯ್ಯ ಚಪ್ಪಲಿ ಕೈಲಿ ಹಿಡಿದು ಓಡಿಬಂದ. “ಇಳೀರಿ ಲಗೂನ! ಪರೀಕ್ಷಾ ಸಾಹೇಬ್ರು ಬಂದಾರ!”

“ಎರಡಾತ್ರೀ” ಎಂದಳು ಬೂದೆಮ್ಮ. “ಇನ್ನ ಐದರ ತನಕ ಹುಡುಗುರ ತಾಸು. ಅದರಾಗ ನಾವು ಕಾಲಿಟ್ರ ಆಡಿಟ್‌ನವ್ರು ನಿಮ್ಮನ್ನ ಬಿಡ್ತಾರೇನು?”

“ನಮ್ಮಿಂದ ಸಾಹೇಬ್ರಿಗಿ ತ್ರಾಸ ಆಗಬಾರ್ದವ್ವ” ಎಂದಳು ಬಡೇಬೀ, ಎಲೆಗೆ ಸುಣ್ಣ ಸವರುತ್ತ.

ಪರೀಕ್ಷಕರು ಹುಡುಗರಿಗೇ ಇಳಿಯಲು ಹೇಳಿದರು. ಇಬ್ಬರು ಮೊಣಕಾಲ ತನಕ ಹೂತು ಅಲ್ಲೇ ನಿಂತರು. ಒಬ್ಬ ಕುಂಡಿ ಊರಿ ಕುಳಿತೇಬಿಟ್ಟ. ಹಚ್ಚಿದ ಸಸಿಗಳು ಒಂದೊಂದಾಗಿ ಮೇಲೆದ್ದು ತೇಲಿದವು. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು.

“ಇವರು ಎಷ್ಟು ಪ್ರಾಕ್ಟಿಕಲ್ ಮಾಡಿದ್ದಾರೆ?” ಎಂದು ಪರೀಕ್ಷಕರು ಕೇಳಿದರು.

“ವಾರಕ್ಕ ಆರು ತಾಸು, ಸರ್. ಎರಡು ಕ್ರೆಡಿಟ್.” ಶರಣಯ್ಯನ ದನಿ ನೆಲ ಕಚ್ಚಿತ್ತು.

ಪರೀಕ್ಷಕರು ಪಕ್ಕದ ಮಡಿ ನೋಡಿದರು. ಅಲ್ಲಿ ಸಸಿ ದಾರ ಹಿಡಿದಂತೆ ಸಾಲಾಗಿ ನಿಂತಿತ್ತು. “ಹಾಗಾದರೆ ಇದನ್ನು ಹಚ್ಚಿದವರು ಯಾರು?”

ಹೇಳಿದರೆ ತನ್ನ ಕ್ರೆಡಿಟ್ಟೂ ಹೋಗುತ್ತದೆಂದು ಗೊತ್ತಿದ್ದೇ ಹನುಮಂತ್ರಾಯ ಕೆಸರುಗೈ ಎತ್ತಿ ಬೂದೆಮ್ಮನನ್ನು ತೋರಿಸಿದ. “ಅವ್ರು ಸರ್. ನಮ್ಮ ಪುಸ್ತಕದಾಗ ಇರೋದೆಲ್ಲಾ ಅವ್ರು ಹಚ್ಚಿದ್ದ.”

ಶರಣಯ್ಯ ಬೂದೆಮ್ಮನ ಹತ್ತಿರ ಬಗ್ಗಿದ. ಒಂಬತ್ತು ವರ್ಷದಲ್ಲಿ ಅವನು ಬಗ್ಗಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

“ಇವತ್ತಿಂದು ಪೂರಾ ಹಾಜರಿ ಹಾಕ್ತೀನಿ, ಇಳಿಯಬೇ.”

“ಇವತ್ತಿಂದಷ್ಟ ಅಲ್ರೀ. ಹಿಂದಿನ್ವೂ ಬರೀಬೇಕು. ಹನ್ನೆರಡೂ ಮಂದೀವು. ಪುಸ್ತಕ ಇಲ್ಲೇ ತರ್ರಿ, ಈ ಸಾಹೇಬ್ರ ಮುಂದ ಬರೀರಿ. ಹನುಮಂತ್ರಾಯ ಓದಿ ಹೇಳ್ತಾನ.”

ಶರಣಯ್ಯ ಪರೀಕ್ಷಕರ ಮುಖ ನೋಡಿದ. ಅವರು ಕನ್ನಡಕ ಒರೆಸುತ್ತ ನಿಂತಿದ್ದರು, ಹೊರಡುವ ಹಾಗೆ ಕಾಣಲಿಲ್ಲ. ಅವನು ಆಫೀಸಿನ ಕಡೆ ತಿರುಗಿ ಕಾಲೆಳೆಯುತ್ತ ನಡೆದ.

ಬೂದೆಮ್ಮ ಎಲೆ ಮಡಿಚಿ ಬಾಯಿಗಿಟ್ಟುಕೊಂಡು ಹಿಂದಿನಿಂದ ಕೂಗಿದಳು: “ಸಾವಕಾಶ ಹೋಗಿ ಬರ್ರಿ ಸಾಹೇಬ್ರ. ಐದರ ತನಕ ನಮಗೇನೂ ಕೆಲಸಿಲ್ಲ.”