ನಾಲ್ಕನೇ ಅಧ್ಯಾಯದ ತಪ್ಪು

ವರದಿ ಅಚ್ಚಾಗಿ ಬಂದ ದಿನ ನಾನು ಚಾವಣಿಯ ಮೇಲಿದ್ದೆ. ನಮ್ಮ ಸಂಶೋಧನಾಲಯದ ಚಾವಣಿಯಲ್ಲಿ ಒಂದೇ ಅಳತೆಯ ಎರಡು ಪುಟ್ಟ ಕೋಣೆಗಳಿವೆ. ಎರಡಕ್ಕೂ ಪಶ್ಚಿಮಕ್ಕೆ ಒಂದೊಂದು ಕಿಟಕಿ. ಒಂದಕ್ಕೆ ಸಾದಾ ಗಾಜು, ಇನ್ನೊಂದಕ್ಕೆ ಪರೀಕ್ಷೆಗೆ ಬಂದ ಗಾಜು. ಬಿಸಿಲಿಗೆ ಯಾವ ಕೋಣೆ ಎಷ್ಟು ಕಾಯುತ್ತದೆಂದು ಹತ್ತು ನಿಮಿಷಕ್ಕೊಮ್ಮೆ ಬರೆದುಕೊಳ್ಳುವುದು ನನ್ನ ಕೆಲಸ. ಮೂರು ಬೇಸಿಗೆ ಅಲ್ಲಿ ಬೆಂದು, ಬಂದ ಲೆಕ್ಕವನ್ನೆಲ್ಲ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಏಳು ಅಧ್ಯಾಯ ಬರೆದವಳು ನಾನು.

ಮುಖಪುಟದ ಮೇಲೆ ಎರಡು ಹೆಸರಿದ್ದವು. ಒಂದು ನಿರ್ದೇಶಕರದು, ಇನ್ನೊಂದು ಅವರ ಅಳಿಯನದು. ಈ ಅಳಿಯ ಮಹಾಶಯ ಮೂರು ವರ್ಷದಲ್ಲಿ ಚಾವಣಿ ಹತ್ತಿದ್ದು ಒಂದೇ ಸಲ, ಅದೂ ಫೋನಿಗೆ ಸಿಗ್ನಲ್ ಹುಡುಕಿಕೊಂಡು. ನನ್ನ ಹೆಸರಿಗಾಗಿ ಪುಟ ತಿರುವುತ್ತಾ ಹೋದೆ. ಕೊನೆಯ ಪುಟದ ಬುಡದಲ್ಲಿ, ಇರುವೆಯಂಥ ಅಕ್ಷರದಲ್ಲಿ, ‘ಅಳತೆಗೆ ನೆರವಾದ ಸಿಬ್ಬಂದಿಗೆ ಕೃತಜ್ಞತೆಗಳು’ ಎಂದಿತ್ತು.

ಮೈಯೆಲ್ಲ ಉರಿದುಹೋಯಿತು. ಸಿಬ್ಬಂದಿಯಂತೆ! ಅವತ್ತೇ ಸಂಜೆ ಆಡಳಿತ ಮಂಡಳಿಗೆ ದೂರು ಬರೆದು, ನಾನೇ ಕೈಯಾರೆ ಕೊಟ್ಟು, ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡು ಬಂದೆ. ಎರಡು ವಾರದಲ್ಲಿ ವಿಚಾರಣೆ ಎಂದರು.

‘ಕೈಬರಹ ತೋರಿಸಿದ್ರೆ ಆಯ್ತಲ್ಲ’ ಎಂದರು ನನ್ನವರು. ಅವರು ಒಳ್ಳೆಯವರು, ಲೋಕಜ್ಞಾನ ಸ್ವಲ್ಪ ಕಡಿಮೆ. ಬರೆದುಕೊಳ್ಳುವುದೇ ನನ್ನ ಹುದ್ದೆಯಾಗಿರುವಾಗ ಕೈಬರಹ ಯಾರಿಗೆ ಬೇಕು? ‘ಬರೆದದ್ದು ಅವಳು, ಹೇಳಿ ಬರೆಸಿದ್ದು ನಾನು’ ಅಂದುಬಿಟ್ಟರೆ ನಿರ್ದೇಶಕರ ಕೆಲಸ ಮುಗಿಯಿತು.

ಆಗ ನೆನಪಾದವಳು ನನ್ನ ನಾದಿನಿ. ಮನೆಯಲ್ಲಿ ಎಲ್ಲರಿಗೂ ಅವಳು ಕಡ್ಡಿ. ಹುಟ್ಟಿದಾಗಿನಿಂದ ಹಾಗೇ ಇದ್ದಾಳೆ, ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಅವಳ ಕೆಲಸವೇ ವಿಚಿತ್ರ: ಹೆಸರಿಲ್ಲದ ಹಳೆಯ ಬರಹಗಳನ್ನು ತಂದಿಟ್ಟುಕೊಂಡು ಅವನ್ನು ಬರೆದವರು ಯಾರೆಂದು ಪತ್ತೆ ಮಾಡುವುದು. ‘ಮದುವೆ ಗಂಡನ್ನ ಪತ್ತೆ ಮಾಡು ಅಂದ್ರೆ ಸತ್ತೋರನ್ನ ಪತ್ತೆ ಮಾಡ್ತೀಯಲ್ಲೇ’ ಎಂದು ನಾವೆಲ್ಲ ಅವಳ ಕಾಲೆಳೆದಿದ್ದೆಷ್ಟೋ. ಈಗ ನಾನೇ ಅವಳ ಬಾಗಿಲಿಗೆ ಹೋದೆ.

‘ಬನ್ನಿ ಅತ್ತಿಗೆ. ಬದುಕಿರೋ ಲೇಖಕಿ ನನಗೆ ಸಿಕ್ಕಿದ್ದು ಇದೇ ಮೊದಲು’ ಎಂದಳು.

ನನ್ನ ಹತ್ತು ವರ್ಷದ ಮಾಸಿಕ ಟಿಪ್ಪಣಿಗಳು, ನಿರ್ದೇಶಕರ ಭಾಷಣಗಳು, ಅಳಿಯನ ಎರಡು ಲೇಖನಗಳು, ಎಲ್ಲವನ್ನೂ ತರಿಸಿಕೊಂಡಳು. ಅವಳು ದೊಡ್ಡ ಮಾತುಗಳನ್ನು ನೋಡುವುದೇ ಇಲ್ಲ. ಬರೆಯುವವರು ಗಮನವಿಲ್ಲದೆ ಉದುರಿಸುವ ಪುಟ್ಟ ಪದಗಳನ್ನು ಎಣಿಸುತ್ತಾಳೆ, ವಾಕ್ಯಗಳ ಉದ್ದ ಅಳೆಯುತ್ತಾಳೆ. ನಾಲ್ಕನೆಯ ದಿನ ಫೋನ್ ಮಾಡಿ ಕರೆಸಿಕೊಂಡಳು.

‘ನಿಮ್ಮ ಸಾಹೇಬ್ರು ಮಾತೆತ್ತಿದ್ರೆ “ಬಹುಶಃ” ಅಂತಾರೆ. ನೀವು ಹತ್ತು ವರ್ಷದಲ್ಲಿ ಅದನ್ನ ಬರೆದಿರೋದು ಮೂರೇ ಸಲ. ಈ ವರದೀಲಿ ಒಂದೂ ಇಲ್ಲ. ಇಂಥವು ನಲವತ್ತು ಲಕ್ಷಣ ನೋಡಿದೀನಿ, ಎಲ್ಲಾ ನಿಮ್ಮ ಕಡೆಗೇ ವಾಲುತ್ತೆ.’

‘ಹಾಗಾದ್ರೆ ಗೆದ್ವಿ ಅನ್ನು.’

‘ಇಲ್ಲ ಅತ್ತಿಗೆ. ಇದು ಸಾಧ್ಯತೆ, ಸಾಕ್ಷಿಯಲ್ಲ. “ಒಂದೇ ಕಚೇರೀಲಿ ಇದ್ದು ಇದ್ದು ಒಂದೇ ಥರ ಬರೀತೀವಿ” ಅಂತ ಅವರು ಅಂದ್ರೆ ನಾನು ಸುಳ್ಳು ಅನ್ನೋಕಾಗಲ್ಲ.’ ಆಮೇಲೆ ಪುಟ ತಿರುವಿ, ‘ಅದಿರಲಿ, ಗಾಜಿನ ವಿಷಯ ನನಗೆ ಗೊತ್ತಿಲ್ಲ, ಸುಮ್ನೆ ಕೇಳ್ತೀನಿ. ಮೂರನೇ ಅಧ್ಯಾಯದಲ್ಲಿ ಲೇಪ ಎರಡನೇ ಮುಖಕ್ಕೆ ಬರಬೇಕು ಅಂತಿದೆ. ನಾಲ್ಕರಲ್ಲಿ ಮೂರನೇ ಮುಖಕ್ಕೆ ಅಂತಿದೆ. ಯಾವುದು ಸರಿ?’ ಎಂದಳು.

ವರದಿಯನ್ನು ಅವಳ ಕೈಯಿಂದ ಕಿತ್ತುಕೊಂಡು ನೋಡಿದೆ.

ಜೋಡಿ ಗಾಜಿನ ಕಿಟಕಿಯೆಂದರೆ ಎರಡು ಗಾಜು, ನಡುವೆ ಬೆರಳಗಲ ಗಾಳಿ. ಎರಡು ಗಾಜಿಗೆ ನಾಲ್ಕು ಮುಖ. ಶಾಖ ತಡೆಯುವ ಲೇಪ ಕಣ್ಣಿಗೆ ಕಾಣದಷ್ಟು ತೆಳು, ಅದು ನಾಲ್ಕರಲ್ಲಿ ಯಾವ ಮುಖದ ಮೇಲಿದೆ ಎನ್ನುವುದೇ ಎಲ್ಲ. ಜಗತ್ತೆಲ್ಲ ಆ ಮುಖಗಳನ್ನು ಹೊರಗಿನಿಂದ ಒಳಕ್ಕೆ ಎಣಿಸುತ್ತದೆ, ಬಿಸಿಲಿಗೆ ಒಡ್ಡಿದ್ದು ಒಂದು. ನಾನು ಮಾತ್ರ ಒಳಗಿನಿಂದ ಹೊರಕ್ಕೆ ಎಣಿಸುತ್ತೇನೆ. ನಮ್ಮಪ್ಪ ಕಿಟಕಿಗೆ ಗಾಜು ಕೂರಿಸುತ್ತಿದ್ದವರು. ‘ನಾನು ನಿಲ್ಲೋದು ಕೋಣೆ ಒಳಗೆ. ನನ್ನ ಮೂಗಿಗೆ ತಾಗೋದೇ ಒಂದು’ ಎನ್ನುತ್ತಿದ್ದರು. ಅವರ ಹಿಂದೆ ಹಿಂದೆ ತಿರುಗಿ ಕಲಿತ ಎಣಿಕೆ ಕೈಬಿಟ್ಟು ಹೋಗಲೇ ಇಲ್ಲ. ಚಾವಣಿಯ ನೋಟುಪುಸ್ತಕದಲ್ಲಿ ಅಪ್ಪನ ಎಣಿಕೆ, ವರದಿಗೆ ಇಳಿಸುವಾಗ ಜಗತ್ತಿನ ಎಣಿಕೆ. ಆರು ಅಧ್ಯಾಯ ಹಾಗೇ ತಿರುಗಿಸಿ ಬರೆದಿದ್ದೆ. ನಾಲ್ಕನೆಯದನ್ನು ‘ಸಂಜೆಯೊಳಗೆ ಬೇಕು’ ಎಂದು ನಿರ್ದೇಶಕರು ಕಿತ್ತುಕೊಂಡು ಹೋದಾಗ ತಿರುಗಿಸಿರಲಿಲ್ಲ. ಕರಡಚ್ಚು ಬಂದಾಗ ತಿದ್ದೋಣವೆಂದುಕೊಂಡೆ. ಹೆಸರೇ ಇಲ್ಲದವಳಿಗೆ ಕರಡಚ್ಚು ಯಾರು ಕಳಿಸುತ್ತಾರೆ? ನೆಪ ಹೇಳುತ್ತಿಲ್ಲ. ತಪ್ಪು ನನ್ನದೇ.

ಯಾವ ಕಟ್ಟಡಕ್ಕೆ ಯಾವ ಗಾಜು ಎಂದು ಹೇಳುವುದು ಆ ನಾಲ್ಕನೇ ಅಧ್ಯಾಯವೇ. ಕಟ್ಟುವವರು ಓದುವುದೂ ಅದೊಂದನ್ನೇ. ಹೊಸದಾಗಿ ಏಳುತ್ತಿದ್ದ ಮಕ್ಕಳ ಆಸ್ಪತ್ರೆಗೆ ಅದನ್ನು ನೋಡಿಕೊಂಡೇ ಗಾಜು ಕೂರಿಸಲು ಹೊರಟಿದ್ದರು. ಲೇಪ ತಪ್ಪು ಮುಖಕ್ಕೆ ಹೋದರೆ ಬಿಸಿಲಿನ ಕಾವು ಒಳಗಿನ ಗಾಜಿಗೇ ಬಂದು ಕೂರುತ್ತದೆ. ಪಶ್ಚಿಮದ ವಾರ್ಡಿನಲ್ಲಿ ಜ್ವರದ ಮಕ್ಕಳು ಮಲಗುತ್ತಾರೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಕಡ್ಡಿಯ ಕೋಣೆಯಿಂದಲೇ ಆಸ್ಪತ್ರೆಯ ಕಟ್ಟಡಕ್ಕೆ ಫೋನ್ ಹಚ್ಚಿದೆ. ಮೇಸ್ತ್ರಿ ಎತ್ತಿದ.

‘ಗಾಜು ಕೂರಿಸೋದು ನಿಲ್ಸಪ್ಪ. ವರದೀಲಿ ತಪ್ಪಾಗಿದೆ.’

‘ನೀವ್ಯಾರಮ್ಮ?’

ಹೇಳಿದೆ. ಪುಟ ಮಗುಚುವ ಸದ್ದಾಯಿತು. ‘ಇದ್ರಲ್ಲಿ ನಿಮ್ಮ ಹೆಸರೇ ಇಲ್ವಲ್ಲ? ದಾರೀಲಿ ಹೋಗೋರೆಲ್ಲ ಫೋನ್ ಮಾಡಿದ್ರೆ ನಾವು ಕೆಲ್ಸ ನಿಲ್ಸಕ್ಕಾಗುತ್ತಾ?’ ಎಂದು ಇಟ್ಟುಬಿಟ್ಟ.

ನೇರ ನಿರ್ದೇಶಕರ ಕೋಣೆಗೆ ಹೋದೆ. ಅವರಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು. ಅವರು ಆ ಅಧ್ಯಾಯ ಓದಿರಲಿಲ್ಲ ಎನ್ನುವುದು ಮುಖದಲ್ಲೇ ಬರೆದಿತ್ತು. ಅರ್ಥವಾದ ಮೇಲೆ ಕುರ್ಚಿಗೆ ಒರಗಿ ನಕ್ಕರು.

‘ನೋಡಮ್ಮ, ಇದಕ್ಕೆಲ್ಲ ಗಾಬರಿ ಬೀಳಬಾರದು. ಮುದ್ರಣದೋಷ ಅಂತ ಒಂದು ಚೀಟಿ ಹಾಕೋಣ. ಮುಂದಿನ ಮುದ್ರಣಕ್ಕೆ, ಬಹುಶಃ ಮೂರು ತಿಂಗಳಲ್ಲಿ. ನೀನು ಆ ದೂರು ವಾಪಸ್ ತಗೋ. ಮುಂದಿನ ವರದೀಲಿ ನಿನ್ನ ಹೆಸರೂ ಬರುತ್ತೆ, ಮೂರನೇದಾಗಿ.’

‘ಮೂರು ತಿಂಗಳಲ್ಲಿ ಕಿಟಕಿ ಎಲ್ಲಾ ಕೂತಿರುತ್ತೆ ಸಾರ್. ಮತ್ತೆ, ಅದು ಮುದ್ರಣದೋಷ ಅಲ್ಲ. ನಾನು ಮಾಡಿದ ತಪ್ಪು.’

‘ಅದನ್ನೇ ಹೇಳ್ತಿರೋದು. ನಿನ್ನ ತಪ್ಪನ್ನ ನಾನು ಮುಚ್ತಾ ಇದೀನಿ.’

ಆಗ ನನಗೆ ಬಂದ ಸಿಟ್ಟು ಮುಖಪುಟ ನೋಡಿದಾಗಲೂ ಬಂದಿರಲಿಲ್ಲ. ನನ್ನ ದುಡಿಮೆಯನ್ನು ನುಂಗಿದ್ದು ಸಾಲದು, ನನ್ನ ತಪ್ಪನ್ನೂ ಎತ್ತಿಕೊಂಡು ಹೋಗಿ ಯಾವನೋ ಅಚ್ಚಿನ ಮನೆಯವನ ತಲೆಗೆ ಕಟ್ಟುವ ಧೈರ್ಯ ಈ ಮನುಷ್ಯನಿಗೆ! ‘ಮುಚ್ಚೋದು ಬೇಡ ಸಾರ್’ ಎಂದಷ್ಟೇ ಹೇಳಿ ಎದ್ದು ಬಂದೆ. ಮಂಡಳಿಗೆ ಇನ್ನೊಂದು ಪತ್ರ ಬರೆದು, ಮಕ್ಕಳ ವಾರ್ಡಿನ ವಿಷಯ ತಿಳಿಸಿ, ವಿಚಾರಣೆಯನ್ನು ನಾಳೆಯೇ ಇಡಿ ಎಂದು ಪಟ್ಟು ಹಿಡಿದೆ. ಅಂತೂ ಮೂರನೆಯ ದಿನಕ್ಕೆ ಇಟ್ಟರು.

ವಿಚಾರಣೆಯ ಅಧ್ಯಕ್ಷತೆಗೆ ಬಂದವರು ಜೀವಮಾನವಿಡೀ ಸೇತುವೆ ಕಟ್ಟಿ ನಿವೃತ್ತರಾದ ಹಿರಿಯ ಇಂಜಿನಿಯರಮ್ಮ. ಕಡ್ಡಿಯ ಎಣಿಕೆಯ ಹಾಳೆಗಳನ್ನು ಪಕ್ಕಕ್ಕಿಟ್ಟು, ನಾಲ್ಕನೇ ಅಧ್ಯಾಯವನ್ನು ತೆರೆದು ನಿರ್ದೇಶಕರತ್ತ ತಿರುಗಿದರು.

‘ಇದನ್ನ ಹೇಳಿ ಬರೆಸಿದ್ದು ನೀವಾ?’

‘ಒಂದೊಂದು ಅಕ್ಷರ.’

‘ಲೇಪ ಮೂರನೇ ಮುಖಕ್ಕೆ ಅಂತಿದೆಯಲ್ಲ, ಯಾಕೆ?’

‘ಅದು ಮುದ್ರಣದೋಷ.’

‘ಹದಿನೆಂಟು ಸಾಲಿನ ಕೋಷ್ಟಕ. ಹದಿನೆಂಟೂ ಸಾಲಲ್ಲಿ ಎರಡಕ್ಕೆ ಮೂರು, ಮೂರಕ್ಕೆ ಎರಡು, ಒಂದಕ್ಕೆ ನಾಲ್ಕು. ಇಷ್ಟು ಶಿಸ್ತಿನ ಮುದ್ರಣದೋಷ ನಾನು ನೋಡಿಲ್ಲ.’ ಅಳಿಯನನ್ನು ಕೇಳಿದರು, ‘ನೀವೇನಂತೀರಿ?’

ಅಳಿಯ ಮಾವನ ಮುಖ ನೋಡಿದ, ಮಾವ ಮೇಜು ನೋಡಿದರು. ‘ಯಂತ್ರ ಹಾಗೆ ತೋರಿಸ್ತು ಮೇಡಂ’ ಎಂದ.

ಇಂಜಿನಿಯರಮ್ಮ ಕನ್ನಡಕ ತೆಗೆದರು. ‘ಮುಖ ಎಣಿಸೋದು ಮನುಷ್ಯರು, ಯಂತ್ರ ಅಲ್ಲ.’ ನನ್ನತ್ತ ಕೈ ಚಾಚಿದರು.

ನಾನು ಚಾವಣಿಯ ನೋಟುಪುಸ್ತಕಗಳನ್ನು ಮುಂದಿಟ್ಟೆ. ಹತ್ತು ವರ್ಷದ ಪುಸ್ತಕಗಳು, ಈ ವರದಿಗೂ ಹಿಂದಿನವು, ಈ ನಿರ್ದೇಶಕರು ಇನ್ನೂ ಬಂದಿರದ ಕಾಲದವು. ಎಲ್ಲದರಲ್ಲೂ ಒಳಗಿನದೇ ಒಂದು. ಯಾಕೆ ಹಾಗೆ, ಯಾರಿಂದ ಕಲಿತದ್ದು, ನಾಲ್ಕನೆಯದರಲ್ಲಿ ತಿರುಗಿಸದೆ ಉಳಿದದ್ದು ಹೇಗೆ, ಎಲ್ಲವನ್ನೂ ಹೇಳಿದೆ. ಹೇಳುವಾಗ ಕಣ್ಣು ತಗ್ಗಿಸಲಿಲ್ಲ.

‘ಯೋಚನೆ ಮಾಡಿ ಹೇಳಮ್ಮ’ ಎಂದರು ಆಕೆ. ‘ನಿನ್ನ ಮಾತು ಒಪ್ಪಿದ್ರೆ ಈ ಅಧ್ಯಾಯ ನಿನ್ನದು ಅಂತ ದಾಖಲಾಗುತ್ತೆ. ತಪ್ಪೂ ನಿನ್ನದು ಅಂತ ದಾಖಲಾಗುತ್ತೆ. ಅಳತೆ ಕೆಲಸದವಳ ಹೆಸರಿನ ಮುಂದೆ ಇಂಥದ್ದು ಬಂದ್ರೆ ಸುಲಭಕ್ಕೆ ಹೋಗಲ್ಲ.’

‘ಬರ್ಕೊಳ್ಳಿ’ ಎಂದೆ. ‘ಹೆಸರು ಪೂರ್ತಿ ಬರ್ಕೊಳ್ಳಿ.’

ಮರುದಿನವೇ ತೀರ್ಪು ಬಂತು. ನಾಲ್ಕನೇ ಅಧ್ಯಾಯ ನನ್ನದು, ಅದರ ತಪ್ಪೂ ನನ್ನದು. ಉಳಿದ ಆರರ ಬಗ್ಗೆ ನಿರ್ಣಾಯಕ ಸಾಕ್ಷ್ಯವಿಲ್ಲ. ಗಾಜು ತಿರುಗಿಸಿ ಕೂರಿಸಬೇಕೆಂದು ಆಸ್ಪತ್ರೆಗೂ ಮಂಡಳಿಯಿಂದ ಪತ್ರ ಹೋಯಿತು. ಮುಂದಿನ ಆದೇಶದವರೆಗೆ ನನಗೆ ಚಾವಣಿ ಬಂದ್, ನೆಲಮಾಳಿಗೆಯ ಗಾಜಿನ ಮಾದರಿಗಳ ಉಗ್ರಾಣಕ್ಕೆ ವರ್ಗ.

‘ಏಳರಲ್ಲಿ ಒಂದು ಗೆದ್ರಿ, ಅದೂ ತಪ್ಪಿರೋದನ್ನ’ ಎಂದು ಕಡ್ಡಿ ಕಣ್ಣೀರು ಹಾಕಿದಳು. ‘ಸರಿಯಾಗಿ ಬರೆದಿದ್ದಕ್ಕೆ ಗುರುತಿಲ್ಲ ಅತ್ತಿಗೆ, ಇದೆಂಥ ನ್ಯಾಯ?’

‘ಅಳಬೇಡ್ವೇ, ಇರೋ ಅಷ್ಟು ಮೈಯೂ ಕರಗಿಹೋಗುತ್ತೆ. ಉಳಿದ ಆರಕ್ಕೂ ಮೇಲ್ಮನವಿ ಹಾಕ್ತೀನಿ. ಮೊದಲು ಬ್ಯಾಗ್ ತಗೊಂಡು ನಡಿ.’

ಆಸ್ಪತ್ರೆಯ ಕಟ್ಟಡದಲ್ಲಿ ಪಶ್ಚಿಮದ ವಾರ್ಡಿಗೆ ಹನ್ನೆರಡು ಕಿಟಕಿ ಆಗಲೇ ಕೂತಿದ್ದವು. ಇನ್ನೂ ಮೂರು ಅಂತಸ್ತಿಗಾಗುವ ಗಾಜು ಮರದ ಪೆಟ್ಟಿಗೆಗಳಲ್ಲಿ ಕಾಯುತ್ತಿತ್ತು. ನಾನು ಬೆಂಕಿಕಡ್ಡಿ ಗೀರಿ ಗಾಜಿನ ಮುಂದೆ ಹಿಡಿದೆ. ನಾಲ್ಕು ಮುಖಕ್ಕೆ ನಾಲ್ಕು ಪುಟ್ಟ ಜ್ವಾಲೆಗಳು ಮೂಡುತ್ತವೆ. ಲೇಪವಿರುವ ಮುಖದ್ದು ಮಾತ್ರ ಬಣ್ಣ ಬೇರೆ. ಅದು ಹೊರಗಿನಿಂದ ಮೂರನೆಯದು. ಒಳಗಿನ ಗಾಜಿಗೆ ಕೈಯಿಟ್ಟೆ, ಸುಡುತ್ತಿತ್ತು.

ಮೇಸ್ತ್ರಿ ಬಂದ. ಫೋನಿನ ದನಿಗಿಂತ ಆಳು ಚಿಕ್ಕವನು, ಕೋಪ ದೊಡ್ಡದು. ‘ಹನ್ನೆರಡೂ ಕಿತ್ತು ತಿರುಗಿಸಿ ಕೂರಿಸ್ಬೇಕಂತೆ! ಅಂಟು ಒಣಗಿ ಕೂತಿದೆ. ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ? ಗಾಜು ಅಂದ್ರೇನು ಅಂತ ಗೊತ್ತಿದೆಯಾ ಅವನಿಗೆ?’

ಅವನ ಕೈಯಲ್ಲೊಂದು ಕಾಗದವಿತ್ತು. ಕೂರಿಸಿದ್ದನ್ನು ಕೀಳಲು ಅನುಮತಿ ಪತ್ರ. ಅದರ ಬುಡದಲ್ಲಿ ‘ಶಿಫಾರಸು ಬರೆದವರು’ ಎಂಬ ಜಾಗ ಖಾಲಿ. ಬೆಳಿಗ್ಗೆ ನಮ್ಮ ಕಚೇರಿಗೆ ಕಳಿಸಿದ್ದನಂತೆ. ನಿರ್ದೇಶಕರಿಗೆ ಪುರುಸೊತ್ತಿಲ್ಲ, ಅಳಿಯ ರಜೆ.

‘ಮುಖಪುಟದಲ್ಲಿ ಇಬ್ಬರಿದಾರೆ, ಸಹಿ ಹಾಕೋಕೆ ಒಬ್ಬನೂ ಇಲ್ಲ’ ಎಂದು ಕೂಗಾಡಿದ. ‘ಸಹಿ ಇಲ್ದೆ ನಾನು ಒಂದು ಮೊಳೆ ಕೀಳಲ್ಲ.’

ಕಾಗದ ಇಸಿದುಕೊಂಡೆ. ಕಿಟಕಿಯ ಕಟ್ಟೆಯ ಮೇಲಿಟ್ಟು, ಅಪ್ಪನ ಹೆಸರೂ ಸೇರಿದ ನನ್ನ ಪೂರ್ತಿ ಹೆಸರನ್ನು ಬಿಡಿ ಬಿಡಿ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಮೇಸ್ತ್ರಿ ಒಮ್ಮೆ ಕಾಗದ ನೋಡಿದ, ಒಮ್ಮೆ ನನ್ನನ್ನು ನೋಡಿದ.

‘ನೀವಾ ಬರೆದಿದ್ದು?’

‘ನಾನೇ.’

ಆಮೇಲೆ ಅವನು ನನ್ನನ್ನು ಕಾಲು ಗಂಟೆ ಬಾಯಿಗೆ ಬಂದಂತೆ ಬೈದ. ನಾನು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡೆ. ಆ ವರದಿ ಬರೆದವಳು ನಾನೆಂದು ಒಪ್ಪಿಕೊಂಡು ಇಷ್ಟು ದಿನದಲ್ಲಿ ನನ್ನನ್ನು ಹಿಡಿದು ಮಾತಾಡಿಸಿದವನು ಅವನೊಬ್ಬನೇ.