ನಾಲ್ವರ ತಟ್ಟೆ

ಅಪ್ಪನ ಸೊಂಟ ಈಗ ಇಪ್ಪತ್ತೆಂಟು ಇಂಚು. ಅವರ ಪ್ಯಾಂಟುಗಳನ್ನೆಲ್ಲ ಚಿಕ್ಕದು ಮಾಡಿಕೊಡುವವಳು ನಾನೇ ಆದ್ದರಿಂದ ನನಗೆ ಗೊತ್ತು. ನನ್ನದು ಹೊಲಿಗೆ ಅಂಗಡಿ. ಹೊಸದನ್ನು ಹೊಲಿಯುವುದಕ್ಕಿಂತ ಹಳೆಯದನ್ನು ಬಿಚ್ಚಿ ಸರಿಮಾಡುವ ಕೆಲಸವೇ ಹೆಚ್ಚು. ಊರಿನವರೆಲ್ಲ ವರ್ಷ ವರ್ಷ ಸೊಂಟ ಬಿಡಿಸಿಕೊಂಡು ಹೋಗುತ್ತಾರೆ, ಅಪ್ಪ ಮಾತ್ರ ಆರು ತಿಂಗಳಿಗೊಮ್ಮೆ ಬಂದು ಹಿಡಿಸಿಕೊಂಡು ಹೋಗುತ್ತಾರೆ. ಬೆಳಿಗ್ಗೆ ಒಂದು ಲೋಟ ಗಂಜಿ, ಮಧ್ಯಾಹ್ನ ಒಂದು ಹಿಡಿ ಅನ್ನ, ಆಮೇಲೆ ಹಾಲು. ಅದಕ್ಕಿಂತ ಹೆಚ್ಚು ಅವರ ಹೊಟ್ಟೆ ಹಿಡಿಯುವುದಿಲ್ಲ. ಒಮ್ಮೆಗೇ ಜಾಸ್ತಿ ತಿನ್ನಿಸಬೇಡಿ ಎಂದು ಡಾಕ್ಟರು ನನ್ನ ಮುಂದೆಯೇ ಹೇಳಿದ್ದಾರೆ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ. ಪಾಪ, ಅವಳಿಗೆ ಗೊತ್ತಿರಲಿಲ್ಲ ಎಂದು ಆಮೇಲೆ ಯಾರೂ ನನ್ನ ಪರ ವಹಿಸುವುದು ಬೇಡ.

ಅಪ್ಪ ಮೂವತ್ತೆರಡು ವರ್ಷ ಒಂದು ವಸತಿಶಾಲೆಯ ಊಟದ ಮನೆಯನ್ನು ನೋಡಿಕೊಂಡವರು. ಹುಡುಗರು ಅವರಿಗೆ ಇಟ್ಟ ಹೆಸರು 'ತಟ್ಟೆ ಮೇಷ್ಟ್ರು'. ಊಟ ಮುಗಿಯುವ ಹೊತ್ತಿಗೆ ತಟ್ಟೆ ತೊಳೆಯುವ ತೊಟ್ಟಿಯ ಪಕ್ಕ ಹೋಗಿ ನಿಲ್ಲುತ್ತಿದ್ದರು. ಒಂದೊಂದು ತಟ್ಟೆಯನ್ನೂ ಅವರಿಗೆ ತೋರಿಸಿಯೇ ತೊಳೆಯಬೇಕು. ಒಂದು ಅಗುಳು ಕಂಡರೂ ವಾಪಸು. ತಿನ್ನುವುದಿಲ್ಲ ಎಂದವನ ತಟ್ಟೆಗೆ ಒಂದು ಮುಚ್ಚಳ, ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಅವನ ಹೆಸರು. ಮುಂದಿನ ಊಟಕ್ಕೆ ಅವನಿಗೆ ಅದೇ ತಟ್ಟೆ. ಅದಕ್ಕೂ ಮುಂದಿನ ಊಟಕ್ಕೂ ಅದೇ.

ಆಫೀಸಿನ ಕೆಲಸವನ್ನು ಮನೆಗೆ ತರಬಾರದು ಎನ್ನುತ್ತಾರೆ. ಅಪ್ಪ ಸೀಮೆಸುಣ್ಣದ ಸಮೇತ ತಂದಿದ್ದರು. ಅಮ್ಮ ತಮ್ಮನನ್ನು ಹೆತ್ತ ವರ್ಷವೇ ತೀರಿಕೊಂಡಿದ್ದಳು, ಅಡುಗೆಯೂ ಬಡಿಸುವುದೂ ಅಪ್ಪನದೇ. ಊಟದ ಮನೆಯಿಂದ ತಂದ ದೊಡ್ಡ ಸೌಟು ಅವರ ಕೈಯಲ್ಲಿ. ನಮ್ಮ ಹಸಿವಿಗೂ ಆ ಸೌಟಿಗೂ ಎತ್ತಣಿಂದೆತ್ತ ಸಂಬಂಧ? ಆದರೂ 'ಸಾಕು' ಎನ್ನುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಬೈಗುಳಕ್ಕೂ ಇಲ್ಲದ ನಿಷೇಧ ಆ ಒಂದು ಮಾತಿಗಿತ್ತು. "ಸಾಕು ಅನ್ನೋದನ್ನ ಹೊಟ್ಟೆ ಹೇಳಬೇಕು, ಬಾಯಲ್ಲ" ಎನ್ನುತ್ತಿದ್ದರು. ಹೊಟ್ಟೆ ಏನು ಹೇಳುತ್ತಿದೆ ಎನ್ನುವುದನ್ನು ಅವರೇ ತೀರ್ಮಾನಿಸುತ್ತಿದ್ದರು.

ತಮ್ಮ ಎಂಟು ವರ್ಷದವನಿದ್ದಾಗ ಬೆಂದ ಕೋಸು ಬಿಟ್ಟ. ಮುಚ್ಚಳ ಬಿತ್ತು, ಹೆಸರು ಬಿತ್ತು. ಮಧ್ಯಾಹ್ನ ಬಿಟ್ಟ, ರಾತ್ರಿ ಬಿಟ್ಟ, ಮಾರನೆಯ ದಿನವೆಲ್ಲ ನೀರು ಕುಡಿದುಕೊಂಡಿದ್ದ. ಮೂರನೆಯ ದಿನ ಮುಚ್ಚಳ ತೆಗೆದರೆ ಅಡುಗೆಮನೆಯಲ್ಲಿ ನಿಲ್ಲಲು ಆಗದಂಥ ವಾಸನೆ. ಅದನ್ನು ತಿಂದ. ಅಪ್ಪ ಎದುರಿಗೆ ಕೂತು ತಿನ್ನಿಸಿದರು. ಆಮೇಲೆ ಹದಿನೈದು ದಿನ ಜ್ವರ, ಕೂದಲೆಲ್ಲ ಉದುರಿತು. ನನಗೆ ಆಗ ಹನ್ನೊಂದು. ಆ ವಾಸನೆ ಇವತ್ತಿಗೂ ನನ್ನ ಮೂಗು ಬಿಟ್ಟಿಲ್ಲ. ಕೋಸು ಕೊಳ್ಳುವುದನ್ನೇ ನಿಲ್ಲಿಸಿದ್ದೇನೆ.

ತಮ್ಮ, ತನಗೆ ಅದೆಲ್ಲ ನೆನಪೇ ಇಲ್ಲವೇನೋ ಎಂಬಂತಿರುತ್ತಾನೆ. ಲಿಫ್ಟು ರಿಪೇರಿ ಮಾಡುವವನು. ಇಡೀ ದಿನ ಕತ್ತಲೆ ಬಾವಿಯಂಥ ಜಾಗದಲ್ಲಿ ನೇತಾಡಿ ಬಂದು ಸಂಜೆ ಅಪ್ಪನ ಕಾಲು ಒತ್ತುತ್ತಾನೆ. ನನಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ. ಅಪ್ಪನಿಗೆ ಎಪ್ಪತ್ತೈದು ತುಂಬಿತು, ಭಾನುವಾರ ಮಧ್ಯಾಹ್ನ ಎಲ್ಲಾದರೂ ಹೊರಗೆ ಊಟಕ್ಕೆ ಕರೆದುಕೊಂಡು ಹೋಗೋಣ ಎಂದವನೂ ಅವನೇ.

"ಜಾಗ ನಾನು ಹೇಳ್ತೀನಿ" ಎಂದೆ.

ನಮ್ಮ ಅಂಗಡಿಯಿಂದ ಎರಡು ಬೀದಿ ಆಚೆಗೆ ಒಂದು ಪಬ್ಬಿದೆ. ಬಿಯರಿಗಿಂತ ತಟ್ಟೆಗೆ ಹೆಸರುವಾಸಿ. ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಜನರನ್ನು ನನ್ನ ಹತ್ತಿರ ಕಳಿಸುವುದು ಆ ಪಬ್ಬೇ. ಅಲ್ಲಿ ಒಬ್ಬರ ಊಟ ಕೇಳಿದರೆ ಇಬ್ಬರಿಗಾಗುವಷ್ಟು ಬರುತ್ತದೆ. ನಾಲ್ವರ ತಟ್ಟೆ ಅಂತ ಒಂದಿದೆ, ಅದನ್ನು ತರಲು ಇಬ್ಬರು ಬೇಕು. ಜನ ಅದನ್ನು ಫೋಟೋ ತೆಗೆದು, ಅರ್ಧ ತಿಂದು, ಉಳಿದದ್ದರ ಮೇಲೆ ಕೈ ಒರೆಸಿದ ಕಾಗದ ಎಸೆದು ಎದ್ದು ಹೋಗುತ್ತಾರೆ. ಅದನ್ನು ನೋಡಿದಾಗಲೇ ನನಗೆ ಈ ಯೋಚನೆ ಬಂದದ್ದು. ಅಪ್ಪನ ಮುಂದೆ ಆ ತಟ್ಟೆ ಇಡಬೇಕು. ಜೀವಮಾನದಲ್ಲಿ ಒಂದೇ ಒಂದು ಸಲ ಅವರ ಬಾಯಿಂದ 'ಸಾಕು' ಎನ್ನುವುದನ್ನು ಕೇಳಬೇಕು. ಹೇಳಿದ ತಕ್ಷಣ ತಟ್ಟೆ ತೆಗೆಸಿಬಿಡುವುದು, ಅದಕ್ಕಿಂತ ಹೆಚ್ಚಿನ ಆಸೆ ನನಗಿರಲಿಲ್ಲ. ನಿಜ ಹೇಳಬೇಕೆಂದರೆ ವಾರವೆಲ್ಲ ಮಶೀನು ತುಳಿಯುವಾಗ ಅದನ್ನೇ ನೆನೆಸಿಕೊಂಡು ಖುಷಿಪಟ್ಟೆ.

ಅಪ್ಪ ಹೋಟೆಲಿನಲ್ಲಿ ಉಂಡವರೇ ಅಲ್ಲ. ಅವರ ಪಾಲಿಗೆ ಒಂದು ತಟ್ಟೆ ಎಂದರೆ ಒಬ್ಬ ಮನುಷ್ಯ. ಒಂದೇ ತಟ್ಟೆಯಲ್ಲಿ ನಾಲ್ಕು ಜನ ಕೈ ಹಾಕುತ್ತಾರೆ ಎನ್ನುವುದು ಊಟದ ಮನೆಯಲ್ಲಿ ಮೂವತ್ತೆರಡು ವರ್ಷ ತಟ್ಟೆ ಎಣಿಸಿದವರಿಗೆ ಹೊಳೆಯುವುದಿಲ್ಲ. ನಾನು ನಂಬಿಕೊಂಡಿದ್ದು ಅದನ್ನೇ.

ತಮ್ಮ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ನಾನು ಊಟ ಹೇಳಿಬಿಟ್ಟೆ.

"ಅದು ನಾಲ್ಕು ಜನಕ್ಕೆ ಮೇಡಂ" ಎಂದಳು ಬಡಿಸುವ ಹುಡುಗಿ, ಮೆಲ್ಲಗೆ.

"ಗೊತ್ತಮ್ಮ. ಅವರ ಮುಂದೆ ಇಡು. ನಮಗಿಬ್ಬರಿಗೂ ಒಂದೊಂದು ಬಟ್ಟಲು ಸೂಪು."

ತಟ್ಟೆ ಬಂತು. ತಟ್ಟೆ ಎನ್ನುವುದು ಸುಮ್ಮನೆ ಮಾತಿಗೆ, ಅದು ಹರಿವಾಣ. ನಡುವೆ ಇಡೀ ಹುರಿದ ಕೋಳಿ, ಅದರ ಸುತ್ತ ಗುಡ್ಡೆ ಹಾಕಿದ ಕರಿದ ಆಲೂಗಡ್ಡೆ, ಎಂಟು ಮೊಟ್ಟೆ, ಎಣ್ಣೆ ಕುಡಿದ ಬ್ರೆಡ್ಡಿನ ದಪ್ಪ ತುಂಡುಗಳು, ಅಂಚಿಗೆ ಬೆಂದ ತರಕಾರಿ. ಅಪ್ಪನ ಮುಖ ಅದರ ಹಿಂದೆ ಇನ್ನೂ ಸಣ್ಣದಾಗಿ ಕಂಡಿತು.

"ಎಲ್ಲರಿಗೂನಾ ಇದು?"

"ಇಲ್ಲಪ್ಪ, ನಿಮ್ಮೊಬ್ಬರಿಗೆ. ಇಲ್ಲಿ ಒಬ್ಬರಿಗೆ ಇಷ್ಟೇ ಕೊಡೋದು."

ಅಪ್ಪ ಸುತ್ತ ನೋಡಿದರು. ಪಕ್ಕದ ಮೇಜಿನಲ್ಲಿ ಒಬ್ಬ ದಢೂತಿ ಮನುಷ್ಯ ತನ್ನಷ್ಟಕ್ಕೆ ತಾನು ಒಂದು ದೊಡ್ಡ ತಟ್ಟೆಯನ್ನು ಬಗೆಯುತ್ತಿದ್ದ. ಅದನ್ನು ಕಂಡು ಅವರಿಗೆ ನಂಬಿಕೆ ಬಂತು. ಅಂಗಿಯ ತೋಳು ಮಡಚಿದರು. ಅಂಚಿನಿಂದ ಒಳಗೆ ತಿನ್ನುತ್ತಾ ಹೋಗಬೇಕು ಎಂದು ನಮಗೆ ಕಲಿಸಿದ್ದರಲ್ಲ, ಹಾಗೆಯೇ ಅಂಚಿನ ತರಕಾರಿಯಿಂದ ಶುರು ಮಾಡಿದರು.

ತಮ್ಮ ಬಂದವನು ನಿಂತೇಬಿಟ್ಟ. "ಏನಕ್ಕಾ ಇದು?"

"ಅಪ್ಪನ ಊಟ. ಕೂತ್ಕೋ, ಸೂಪ್ ಆರುತ್ತೆ."

"ಇಷ್ಟನ್ನೂ ಅವರು..."

"ತಟ್ಟೆಗೆ ಬಿದ್ದಿದ್ದನ್ನ ಬಿಟ್ಟು ಏಳೋ ಪೈಕಿ ನಾನಲ್ಲಪ್ಪ" ಎಂದರು ಅಪ್ಪ, ಬಾಯಿ ತುಂಬ ಆಲೂಗಡ್ಡೆ ಇಟ್ಟುಕೊಂಡು. ಸ್ವಲ್ಪ ಜಂಬವೂ ಇತ್ತು ಆ ಮಾತಿನಲ್ಲಿ.

ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ನಾನು ಸೂಪು ಕುಡಿದೆ.

ಮೊದಲ ಇಪ್ಪತ್ತು ನಿಮಿಷ ಅವರು ಚೆನ್ನಾಗಿಯೇ ತಿಂದರು. ಕಟ್ಟಿಸಿದ ಹಲ್ಲು ಕೋಳಿಗೆ ಸರಿಹೋಗದೆ ಕಟಕಟ ಎನ್ನುತ್ತಿತ್ತು. ಸಣ್ಣ ಸಣ್ಣ ಎಳೆ ಬಿಡಿಸಿಕೊಂಡು ನುಂಗಿದರು. ಆಮೇಲೆ ವೇಗ ತಗ್ಗಿತು. ಪ್ರತಿ ತುತ್ತಿಗೂ ನೀರು ಕುಡಿಯತೊಡಗಿದರು. ನೀರಿನಿಂದ ಹೊಟ್ಟೆ ಇನ್ನೂ ಬೇಗ ತುಂಬುತ್ತದೆ. ಮೇಜಿನ ಕೆಳಗೆ ಕೈ ಹಾಕಿ ಬೆಲ್ಟು ಸಡಿಲಿಸಿದರು. ಹೋದ ತಿಂಗಳು ಅದಕ್ಕೆ ಹೊಸ ತೂತು ಕೊರೆದುಕೊಟ್ಟವಳು ನಾನು. ಎಷ್ಟು ತೂತು ಹಿಂದಕ್ಕೆ ಹೋದರು ಎಂದು ಶಬ್ದದಲ್ಲೇ ಗೊತ್ತಾಯಿತು.

ತಮ್ಮ ಹರಟುತ್ತಾ ಕೈ ಚಾಚಿ ಒಂದು ಮೊಟ್ಟೆ ಎತ್ತಿಕೊಳ್ಳಲು ನೋಡಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅವನ ಬುದ್ಧಿಯೇ ಅದು. ನಾನು ಅವನ ಕೈಗೆ ಚಮಚದಲ್ಲಿ ಹೊಡೆದೆ.

"ಇನ್ನೊಬ್ಬರ ತಟ್ಟೆಗೆ ಕೈ ಹಾಕೋದನ್ನ ಅಪ್ಪ ನಮಗೆ ಕಲಿಸಿದಾರಾ?"

"ಇಲ್ಲ" ಎಂದರು ಅಪ್ಪನೇ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಬಡಿಸುವ ಹುಡುಗಿ ಹತ್ತಿರ ಬಂದು ಬಗ್ಗಿದಳು. "ತಾತ, ಕಷ್ಟ ಆದ್ರೆ ಬಿಡಿ. ಪ್ಯಾಕ್ ಮಾಡ್ಕೊಡ್ತೀನಿ, ಮನೇಲಿ ನಿಧಾನವಾಗಿ ತಿನ್ನಬಹುದು."

ಅಪ್ಪನ ಕಣ್ಣು ಅರಳಿತು. ಹೀಗೊಂದು ದಾರಿ ಈ ಲೋಕದಲ್ಲಿ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ನನ್ನ ಮುಖ ನೋಡಿದರು.

"ಬೇಡಮ್ಮ" ಎಂದೆ ಕಡ್ಡಿ ಮುರಿದಂತೆ. "ನಮ್ಮನೇಲಿ ತಟ್ಟೆ ಖಾಲಿ ಆಗದೆ ಯಾರೂ ಏಳಲ್ಲ. ಉಳಿಸಿದ್ರೆ ಮುಚ್ಚಳ ಮುಚ್ಚಿ ಹೆಸರು ಬರೀತೀವಿ. ಅಲ್ವೇನಪ್ಪಾ?"

ಆಗ ಅಪ್ಪನಿಗೆ ಅರ್ಥವಾಯಿತು. ಅವರ ಕೈಯಲ್ಲಿದ್ದ ಬ್ರೆಡ್ಡು ಹಾಗೇ ನಿಂತಿತು. ಬೈಯುತ್ತಾರೆ ಎಂದುಕೊಂಡೆ, ತಟ್ಟೆ ತಳ್ಳುತ್ತಾರೆ ಎಂದುಕೊಂಡೆ. ಅವರು ಬ್ರೆಡ್ಡು ಬಾಯಿಗಿಟ್ಟುಕೊಂಡರು. ಅಗಿಯುವ ಶಕ್ತಿ ಇರಲಿಲ್ಲ, ನೀರಿನ ಜೊತೆ ಇಳಿಸಿದರು.

ಹೇಳಿ ಅಪ್ಪ, ಒಂದು ಮಾತು ಹೇಳಿ. ನಾನು ಮನಸ್ಸಿನಲ್ಲೇ ಅಂಗಲಾಚುತ್ತಿದ್ದೆ. ಎರಡೇ ಎರಡು ಅಕ್ಷರ.

ಸ್ವಲ್ಪ ಹೊತ್ತಿಗೆ ಅವರು ತಟ್ಟನೆ ಎದ್ದು ಬಾಯಿಗೆ ಕೈ ಅಡ್ಡ ಹಿಡಿದು ಓಡಿದರು. ತಮ್ಮ ಹಿಂದೆಯೇ ಓಡಿದ. ಬಾಗಿಲಾಚೆ ಅವರು ಕಾರಿಕೊಳ್ಳುವ ಸದ್ದು ಮೇಜಿನವರೆಗೂ ಬಂತು. ಪಕ್ಕದ ದಢೂತಿ ಮನುಷ್ಯ ನನ್ನ ಕಡೆ ನೋಡಿ ಮುಖ ಸಿಂಡರಿಸಿದ. ನಾನು ಸೂಪಿನ ಬಟ್ಟಲನ್ನು ಕೆರೆದು ಮುಗಿಸಿದೆ. ಮುಗಿಯಿತು, ಇನ್ನು ಬಂದು ಆ ಮಾತು ಹೇಳುತ್ತಾರೆ ಎಂದು ಕಾದೆ.

ಅಪ್ಪ ಬಂದರು. ಅಂಗಿಯ ಮುಂಭಾಗ ಒದ್ದೆ, ತುಟಿ ಬೆಳ್ಳಗೆ. ಕುರ್ಚಿ ಎಳೆದುಕೊಂಡು ಕೂತರು. ಒಂದು ಆಲೂಗಡ್ಡೆ ಎತ್ತಿಕೊಂಡರು.

ತಮ್ಮ ಅವರ ಮಣಿಕಟ್ಟು ಹಿಡಿದುಕೊಂಡ. "ಅಪ್ಪಾ, ಏಳಿ. ಮನೆಗೆ ಹೋಗೋಣ. ಅಕ್ಕಾ, ನಿನಗೇನು ತಲೆ ಕೆಟ್ಟಿದೆಯಾ?"

"ನನಗಲ್ಲ, ನಿನಗೆ ತಲೆ ಕೆಟ್ಟಿರೋದು. ಆ ಕೋಸಿನ ತಟ್ಟೆ ಮರೆತೆಯೇನೋ? ಮೂರು ದಿನದ್ದು? ಕೂದಲೆಲ್ಲ ಉದುರಿ ಬೋಳಾಗಿದ್ದೆಯಲ್ಲ, ಮರೆತೆಯಾ? ನಿನಗೋಸ್ಕರ ಕಣೋ ನಾನು ಇಲ್ಲಿ ಕೂತಿರೋದು. ನೀನು ಲೆಕ್ಕ ಕೇಳಲ್ಲ, ಅದಕ್ಕೇ ನಾನು ಕೇಳ್ತಿದೀನಿ."

"ನನಗೋಸ್ಕರ ಅಂತ ಮಾತ್ರ ಹೇಳಬೇಡ" ಎಂದ ತಮ್ಮ. ಅವನ ದನಿ ಯಾವತ್ತೂ ಅಷ್ಟು ತಣ್ಣಗೆ ಇರಲಿಲ್ಲ. "ಮೂರನೇ ದಿನ ಬೆಳಿಗ್ಗೆ ಮುಚ್ಚಳ ತೆಗೆದ ತಕ್ಷಣ ಅಪ್ಪ ತಟ್ಟೆ ಎತ್ಕೊಂಡು ಹಿತ್ತಲಿಗೆ ಹೊರಟಿದ್ರು, ಚೆಲ್ಲೋದಕ್ಕೆ. ಬಾಗಿಲಿಗೆ ಅಡ್ಡ ನಿಂತಿದ್ದು ಯಾರು? ಹೋದ ವಾರ ನನಗೆ ತಿನ್ನಿಸಿದ್ರಿ, ಇವನಿಗೆ ಯಾಕೆ ಬಿಡ್ತೀರಿ ಅಂತ ಕಾಲು ಅಪ್ಪಳಿಸಿ ಅತ್ತಿದ್ದು ಯಾರು? ಅಪ್ಪ ನಿನ್ನ ಮುಖ ನೋಡಿ ವಾಪಸ್ ಬಂದ್ರು. ನಾನು ತಿನ್ನೋವಾಗ ನೀನು..."

"ಸಾಕು" ಎಂದರು ಅಪ್ಪ.

ನಾನು ಅವರ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ತಮ್ಮನನ್ನು ನೋಡುತ್ತಿದ್ದರು.

"ಸಾಕು ಮಗನೇ. ಅವಳು ಮರೆತಿದಾಳೆ. ಮರೆತೇ ಇರಲಿ ಬಿಡು. ತಿನ್ನಿಸಿದ್ದು ನಾನು."

ನಲವತ್ತು ವರ್ಷ ಕಾದ ಮಾತು ಕೊನೆಗೂ ಅವರ ಬಾಯಿಂದ ಬಂತು. ಬಂದದ್ದು ನನ್ನನ್ನು ಕಾಪಾಡುವುದಕ್ಕೆ. ಅಪ್ಪ ಅಂದುಕೊಂಡದ್ದು ತಪ್ಪು, ನಾನು ಮರೆತಿರಲಿಲ್ಲ ಎನ್ನುವುದು ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಹಿತ್ತಲ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತದ್ದು ನೆನಪಿತ್ತು. ತಮ್ಮ ಮೂಗು ಹಿಡಿದುಕೊಂಡು ನುಂಗುವಾಗ ನಾನು ಪಕ್ಕದಲ್ಲಿ ಕೂತು ತುತ್ತು ಎಣಿಸಿದ್ದೂ ನೆನಪಿತ್ತು. ಆಗ ಆದ ಖುಷಿಯೇ ಈ ವಾರವೆಲ್ಲ ಮಶೀನಿನ ಮುಂದೆ ಕೂತಾಗ ನನಗಾಗಿದ್ದು. ನಾಚಿಕೆಯಾಯಿತು. ಅದರ ಹಿಂದೆಯೇ ಇವರಿಬ್ಬರ ಮೇಲೂ ಕೆಂಡದಂಥ ಕೋಪ ಬಂತು. ಇಷ್ಟು ವರ್ಷ ಇಬ್ಬರೂ ಸೇರಿ ನನ್ನನ್ನು ಕ್ಷಮಿಸಿಕೊಂಡು ಓಡಾಡಿದ್ದಾರೆ, ನನಗೊಂದು ಮಾತೂ ಹೇಳದೆ.

ತಮ್ಮ ತಲೆ ತಗ್ಗಿಸಿ ಕೂತ. ಅಪ್ಪ ಅವನ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡರು. ಹರಿವಾಣದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಕೋಳಿಯ ಕೊಬ್ಬು ಆರಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದರಲ್ಲಿ ಒಂದು ತುಂಡು ಮುರಿದುಕೊಂಡು, ಬಾಯಿಯ ಹತ್ತಿರ ತಂದು, ಈಗ ನನ್ನ ಕಡೆ ನೋಡಿದರು. ಅಪ್ಪಣೆ ಕೇಳುವ ಹಾಗೆ.

ಬಿಡಿ ಅಪ್ಪ ಎಂದು ನಾನು ಅಂದಿದ್ದರೆ ಅವರು ಕೈ ಇಳಿಸುತ್ತಿದ್ದರು. ಬಡಿಸುವ ಹುಡುಗಿ ಕಂಬದ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು, ತಮ್ಮ ನೋಡುತ್ತಿದ್ದ.

"ನೀರು ಬೇಕಾ ಅಪ್ಪಾ?" ಎಂದು ಕೇಳಿ, ಅವರ ಲೋಟ ತುಂಬಿಸಿದೆ.