ಎಂಟು ನಿಮಿಷದ ಅಕ್ಕ

ನನಗಿಂತ ಎಂಟೇ ಎಂಟು ನಿಮಿಷ ಮೊದಲು ಹುಟ್ಟಿದ್ದಕ್ಕೆ ಅವಳು ಅಕ್ಕ, ನಾನು ತಂಗಿ. ಆ ಎಂಟು ನಿಮಿಷದ ದೊಡ್ಡಸ್ತಿಕೆ ಮೂವತ್ತೆರಡು ವರ್ಷವಾದರೂ ಇಳಿದಿಲ್ಲ. ಮುಖ, ಮೂಗು, ಗಂಟಲು ಎಲ್ಲಾ ಒಂದೇ. ಗಿರಾಕಿಗಳು ಅವಳಿಗೆ ಹೇಳಿಹೋದ ಕೇಕನ್ನ ನನ್ನ ಹತ್ತಿರ ಕೇಳ್ತಾರೆ, "ನಿನ್ನೆನೇ ಹೇಳಿದ್ನಲ್ಲಮ್ಮ!" ಅಂತ ನನ್ನ ಮೇಲೇ ರೇಗ್ತಾರೆ.

ಬೇಕರಿ ಅಪ್ಪ ಕಟ್ಟಿದ್ದು. ಇಟ್ಟಿಗೆ ಒಲೆ ಮುಂದೆ ನಿಂತೂ ನಿಂತೂ ನಮ್ಮ ಮನೇಲಿ ಎಲ್ಲರ ಕೆನ್ನೆಯೂ ಕೆಂಪು. ಅದೇ ನಮಗೆ ಮುಳುವಾಯ್ತು. ಏಳು ವರ್ಷದ ಹಿಂದೆ ಅಕ್ಕನ ಕೆನ್ನೆ, ಮೂಗಿನ ಮೇಲೆ ಕೆಂಪು ಹತ್ತಿತು. "ಒಲೆ ಝಳ," ಅಂದರು ಅಪ್ಪ. ಬೆರಳ ಗಂಟುಗಳು ಊದಿಕೊಂಡವು. "ಹಿಟ್ಟು ನಾದಿದ್ದಕ್ಕೆ," ಅಂದೆ ನಾನು, ಮಹಾ ತಿಳಿದವಳ ಹಾಗೆ. ಸುಸ್ತು ಅಂತ ಮೈದಾ ಮೂಟೆ ಮೇಲೇ ಮಲಗಿಬಿಡ್ತಿದ್ದಳು. ಅವಳಿಗೆ ಅನುಮಾನ ಬಂದಾಗಲೆಲ್ಲ ಅಪ್ಪ ನನ್ನನ್ನ ಒಲೆ ಹತ್ತಿರದಿಂದ ಕರೆದು ಪಕ್ಕಕ್ಕೆ ನಿಲ್ಲಿಸ್ತಿದ್ದರು. "ನೋಡು, ಇವಳದೂ ಕೆಂಪಗಿದೆ. ಇವಳಿಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದಾಳೆ!"

ನನ್ನ ಕೆಂಪು ಮಧ್ಯಾಹ್ನಕ್ಕೆ ಇಳಿದುಹೋಗ್ತಿತ್ತು, ಅವಳದು ಇಳೀತಿರಲಿಲ್ಲ. ಒಂದೇ ಒಂದು ದಿನ ಒಲೆ ಆರಿದ ಮೇಲೆ ಯಾರಾದರೂ ನಮ್ಮಿಬ್ಬರನ್ನ ಪಕ್ಕಪಕ್ಕ ನಿಲ್ಲಿಸಿ ನೋಡಿದ್ದರೆ ಸಾಕಿತ್ತು. ಯಾರೂ ನೋಡಲಿಲ್ಲ. ಎರಡು ವರ್ಷ ಹಾಗೇ ಹೋಯ್ತು. ಕಾಲು ಊದಿ, ಕಿಡ್ನಿಗೆ ಪೆಟ್ಟು ಬಿದ್ದ ಮೇಲೆ ಡಾಕ್ಟರಮ್ಮ ಹೆಸರು ಹೇಳಿದರು: ಲೂಪಸ್. ಮೈಯನ್ನ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳೋ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಅಲ್ಲಿಂದ ಐದು ವರ್ಷ ಮಾತ್ರೆ. ನಡುವೆ ಅಕ್ಕನ ಮದುವೆಯೂ ಆಯ್ತು. ಈಗ ಕಾಯಿಲೆ ಬಾಲ ಮುದುರಿಕೊಂಡು ಕೂತು ವರ್ಷವಾಯ್ತು. "ಮಗು ಬೇಕಿದ್ದರೆ ಇದು ಒಳ್ಳೆ ಸಮಯ," ಅಂತ ಡಾಕ್ಟರಮ್ಮನೇ ಹೇಳಿದರೆ, ಇವಳು ಬೇಡ ಅಂದುಬಿಟ್ಟಳು. ಭಾವ ಪಾಪದ ಮನುಷ್ಯ, "ನಿನ್ನಿಷ್ಟ" ಅಂತ ಸುಮ್ಮನಾದರು. ಆದರೆ ಪಕ್ಕದ ಅಂಗಡಿಯವರ ಕೂಸು ಬಂತೋ, ಇವಳು ಕೌಂಟರ್ ಬಿಟ್ಟು ಅದನ್ನ ಎತ್ತಿಕೊಂಡು ಅರ್ಧ ಗಂಟೆ ನಾಪತ್ತೆ! ನೋಡಿ ನೋಡಿ ನನಗೆ ತಡೆಯೋಕಾಗಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಬ್ರೆಡ್ ಅಚ್ಚುಗಳಿಗೆ ಎಣ್ಣೆ ಸವರ್ತಾ ಕೂತಿದ್ದಾಗ ಕೇಳೇಬಿಟ್ಟೆ. "ಯಾಕೆ ಬೇಡ?"

"ನನ್ನ ರಕ್ತದಲ್ಲಿರೋ ವಿಷನ ಮಗುಗೂ ಕೊಡ್ಲಾ?"

"ಡಾಕ್ಟರಮ್ಮ ಹಾಗಂದ್ರಾ?"

"ಜೀನ್‌ನಲ್ಲೂ ಇರುತ್ತೆ ಅಂದ್ರಲ್ಲ. ಅಷ್ಟು ಸಾಕು."

"ಅರ್ಧ ಕೇಳಿಸಿಕೊಂಡು ಪೂರ್ತಿ ಅಳೋದು. ಹುಟ್ಟುಗುಣ ಸುಟ್ಟರೂ ಹೋಗಲ್ಲ. ಏಳು, ನಡಿ!" ಎಣ್ಣೆ ಕೈಯಲ್ಲೇ ಅವಳನ್ನ ಎಳಕೊಂಡು ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. "ಇದಕ್ಕೆ ಒಂದೇ ಜೀನ್ ಅಂತ ಇಲ್ಲಮ್ಮ. ಸಾಮಾನ್ಯವಾಗಿ ಹತ್ತಾರು ಸೇರ್ತವೆ, ಒಂದೊಂದೂ ಅಪಾಯನ ಒಂಚೂರು ಹೆಚ್ಚಿಸುತ್ತೆ ಅಷ್ಟೆ. ಅದರ ಜೊತೆಗೆ ಬಿಸಿಲು, ಸೋಂಕು, ನಮಗಿನ್ನೂ ಗೊತ್ತಿಲ್ಲದ್ದು ಎಷ್ಟೋ ಕೂಡಬೇಕು. ತಾಯಿಗೆ ಇದ್ದರೆ ಮಗುಗೆ ಅಪಾಯ ಸ್ವಲ್ಪ ಜಾಸ್ತಿ, ನಿಜ. ಆದರೂ ಹೆಚ್ಚಿನ ಮಕ್ಕಳಿಗೆ ಬರಲ್ಲ. ನಿಮ್ಮನ್ನೇ ನೋಡಿ. ಇಬ್ಬರ ಜೀನ್‌ಗಳೂ ಒಂದೇ, ಕಾಯಿಲೆ ಒಬ್ಬರಿಗೇ."

"ಕೇಳಿಸ್ತಾ?" ಅಂತ ಅವಳನ್ನ ತಿವಿದೆ.

ಅಕ್ಕ ನನ್ನ ಮುಖಾನೇ ನೋಡ್ತಾ ಕೇಳಿದಳು. "ಇವಳಿಗೆ ನಾಳೆ ಬಂದ್ರೆ?"

ಡಾಕ್ಟರಮ್ಮ ಬಾಯಿ ತೆರೆಯೋದರೊಳಗೆ ನಾನೇ ಅಂದೆ. "ಬರಬಹುದು. ಐದು ವರ್ಷದಿಂದ ದಿನಾ ಮಧ್ಯಾಹ್ನ ಕನ್ನಡಿ ನೋಡ್ಕೋತೀನಿ, ಕೆಂಪು ಇಳೀತಾ ಅಂತ. ಇಳಿಯೋವರೆಗೂ ಅನ್ನ ಇಳಿಯಲ್ಲ ನನಗೆ."

"ನನಗೊಂದು ಮಾತು ಹೇಳ್ಲಿಲ್ವಲ್ಲೇ?"

"ಏನಂತ ಹೇಳ್ಲಿ? ನನ್ನ ಕೆನ್ನೆ ನೋಡಿನೇ ನಿನ್ನ ಎರಡು ವರ್ಷ ಹಾಳಾಯ್ತು. ಅದರ ಮೇಲೆ ನನ್ನ ಭಯಾನೂ ನಿನ್ನ ತಲೆಗೇ ಕಟ್ಟಲಾ?" ನನಗೆ ಅಳು ಬಂತು, ಸಿಟ್ಟೂ ಬಂತು. "ನಾಳೆ ನನಗೂ ಬಂತು ಅಂತಿಟ್ಕೋ. ನಾನು ಹುಟ್ಟಲೇಬಾರದಿತ್ತು ಅಂತೀಯಾ?"

"ಬಿಡ್ತು ಅನ್ನು!" ಅಕ್ಕ ಕೂಗಿದ ರಭಸಕ್ಕೆ ನರ್ಸು ಬಾಗಿಲಲ್ಲಿ ಇಣುಕಿದಳು. "ಬಾಯಿಗೆ ಬಂದ ಹಾಗೆ ಮಾತಾಡ್ತೀಯಾ? ನಿನಗೆ ಬಂದ್ರೆ ನಾನು ಸತ್ತುಹೋಗಿದೀನಾ? ಯಾವ ಮಾತ್ರೆ ಯಾವಾಗ, ಬಿಸಿಲಿಗೆ ಏನು ಹಚ್ಚಬೇಕು, ಎಲ್ಲಾ ಗೊತ್ತು ನನಗೆ. ಶುರುವಾಗ್ತಿದ್ದ ಹಾಗೇ ಹಿಡೀತೀನಿ. ನನ್ನ ಹಾಗೆ ಎರಡು ವರ್ಷ ನರಳೋಕೆ ಬಿಡ್ತೀನಾ? ನೆಟ್ಟಗೆ ಬಾಳಿಸ್ತೀನಿ ನಿನ್ನ!"

ಅಂದವಳು ತಟ್ಟನೆ ನಿಲ್ಲಿಸಿದಳು. ತಾನಾಡಿದ್ದು ತನಗೇ ಕೇಳಿಸಿತು ಅಂತ ಕಾಣುತ್ತೆ. ಅವಳು ಮೂಗು ಒರೆಸಿಕೊಂಡು, ಕುರ್ಚಿಯನ್ನ ಮೇಜಿನ ಹತ್ತಿರಕ್ಕೆ ಎಳಕೊಂಡಳು.

"ಡಾಕ್ಟ್ರೇ, ಮಗು ಬೇಕಂದ್ರೆ ಈಗಿರೋ ಮಾತ್ರೇಲಿ ಯಾವುದನ್ನ ಬದಲಾಯಿಸಬೇಕು? ಸ್ವಲ್ಪ ನಿಧಾನವಾಗಿ ಹೇಳಿ, ಈ ಸಲ ಪೂರ್ತಿ ಕೇಳಿಸ್ಕೋತೀನಿ."